ಮಾವನ ಜೀಪು, ತಮ್ಮನ ಲ್ಯಾನ್ಸರು

ಮೊನ್ನೆ ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುತ್ತಿದ್ದೆ. ದಾರಿಯಲ್ಲಿ ಒಂದು ಟೀ ಅಂಗಡಿ ಮುಂದೆ ಹಳೇ ಮಿತ್ಸುಬಿಷಿ ಲ್ಯಾನ್ಸರ್ ನಿಂತಿತ್ತು. ಬಿಳಿ ಬಣ್ಣ, ಡಿಕ್ಕಿ ಮೇಲೆ ಬೆಂಚಿನಷ್ಟು ಅಗಲದ ರೆಕ್ಕೆ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ಎವಲ್ಯೂಷನ್’ ಅಂತ ಸ್ಟಿಕರ್! ಮೊದಲು ನಗು ಬಂತು. ಆಮೇಲೆ ಹೊಟ್ಟೆಯೊಳಗೆ ಸ್ವಲ್ಪ ಸಂಕಟವೂ ಆಯ್ತು. ಯಾಕೆಂದರೆ ಥೇಟ್ ಇಂಥದ್ದೇ ಒಂದು ಕಾರು ನಮ್ಮ ಮನೆಯಲ್ಲೂ ಇತ್ತು.

ನಮ್ಮ ಚಿಕ್ಕಪ್ಪನ ಮಗ ಒಂದು ವರ್ಷ ಅರಿಶಿನಕ್ಕೆ ಒಳ್ಳೇ ರೇಟು ಸಿಕ್ಕಿದಾಗ, ಆ ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾನ್ಸರ್ ತಂದ. ಕಾರು ತೋರಿಸಿದ ಬ್ರೋಕರ್ ಹೇಳಿದ್ದನಂತೆ: "ಇದು ರ‍್ಯಾಲಿ ಗಾಡಿ ಸಾರ್, ನಾಲ್ಕೂ ಚಕ್ರ ಎಳೀತದೆ, ಅದಕ್ಕೇ ರೇಟು ಜಾಸ್ತಿ". ಇವನು ಹುಡುಗ, ನಂಬಿದ. ಬೇರೆ ಲ್ಯಾನ್ಸರ್‌ಗಳಿಗಿಂತ ಮೂವತ್ತು ಸಾವಿರ ಜಾಸ್ತಿ ಕೊಟ್ಟ. ಮಳೆ ಬಂದ ಮಾರನೇ ದಿನ ಅದನ್ನು ಹೊಲದ ದಾರಿಗೆ ಇಳಿಸಿದ. ನಮ್ಮ ಕಡೆ ಎರೆಮಣ್ಣು ನೆನೆದರೆ ಗೊತ್ತಲ್ಲ, ಚಪ್ಪಲಿಯನ್ನೂ ಬಿಡುವುದಿಲ್ಲ. ಮುಂದಿನ ಚಕ್ರಗಳೆರಡು ಗಿರಗಿರ ತಿರುಗಿದವು, ಹಿಂದಿನವು ದೇವರ ಮುಂದೆ ಕೂತ ಹಾಗೆ ಸುಮ್ಮನೆ ಕೂತಿದ್ದವು. ಟ್ರ್ಯಾಕ್ಟರ್ ಕಟ್ಟಿ ಎಳೆದಿದ್ದಾಯ್ತು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ನನ್ನ ಸೋದರಮಾವನ ಗ್ಯಾರೇಜು. ಕಾರು ಅಲ್ಲಿಗೆ ಬಂತು. ಮಾವ ಗೋಣಿಚೀಲ ಹಾಸಿಕೊಂಡು ಅಡಿಗೆ ನುಸುಳಿ, ಒಂದೇ ನಿಮಿಷಕ್ಕೆ ಹೊರಗೆ ಬಂದು ಕೈ ಒರೆಸಿಕೊಂಡರು. "ಹಿಂದುಗಡೆ ಚಕ್ರಕ್ಕೆ ಶಾಫ್ಟೇ ಇಲ್ವಲ್ಲ ಕೂಸು. ಯಾವನು ಹೇಳ್ದ ನಿಂಗೆ ಫೋರ್‌ವೀಲು ಅಂತ?"

ತಮ್ಮ ಮಾತಾಡಲಿಲ್ಲ. ಚಿಕ್ಕಪ್ಪ ಅವನ ಜೊತೆ ಎರಡು ತಿಂಗಳು ಮಾತಾಡಲಿಲ್ಲ.

ಬ್ರೋಕರ್ ಹೇಳಿದ್ದು ಸುಳ್ಳು. ಆದರೆ ಆ ಸುಳ್ಳಿನ ಹಿಂದೆ ಒಂದು ನಿಜವಾದ ಕಾರು ಇದೆ. ಲ್ಯಾನ್ಸರ್ ಎವಲ್ಯೂಷನ್ ಅನ್ನುವ ಕಾರು ಇತ್ತು, ಅದರ ನಾಲ್ಕೂ ಚಕ್ರ ಎಳೆಯುತ್ತಿದ್ದವು, ಅದು ರ‍್ಯಾಲಿಯಲ್ಲಿ ಪ್ರಪಂಚ ಗೆದ್ದಿತ್ತು. ಜೀಪಿನ ಗುಣ ಒಂದು ಸೆಡಾನಿಗೆ ಯಾಕೆ ಬಂತು, ಎಲ್ಲಿಂದ ಬಂತು? ಆ ಕಥೆ ಶುರುವಾಗುವುದೂ ಒಂದು ಜೀಪಿನಿಂದಲೇ.

ನಮ್ಮ ಸೀಮೆಯಲ್ಲಿ ಫೋರ್‌ವೀಲ್ ಅಂದರೆ ಜೀಪು. ಬಂಡೀಪುರದ ಅರಣ್ಯ ಇಲಾಖೆ ಜೀಪು, ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ಜೀಪು, ಚಾಮರಾಜನಗರದ ಕರಿಕಲ್ಲು ಕ್ವಾರಿಯ ಜೀಪು. ದೊಡ್ಡ ಗೇರ್ ಲಿವರ್ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್. ಅದನ್ನು ಎಳೆದರೆ ಮುಂದಿನ ಚಕ್ರಕ್ಕೂ ಶಕ್ತಿ. ನಾನು ಪಿಯುಸಿ ಓದುವಾಗ ಒಮ್ಮೆ ಮಾವನ ಜೀಪನ್ನು ಕೆಸರಿನಿಂದ ಎತ್ತಿ, ಲಿವರ್ ವಾಪಸ್ ಹಾಕುವುದು ಮರೆತು ಹಾಗೇ ಟಾರ್ ರೋಡಿಗೆ ಬಂದುಬಿಟ್ಟೆ. ತಿರುವಿನಲ್ಲಿ ಸ್ಟೇರಿಂಗು ಗಟ್ಟಿಯಾಯ್ತು, ಕೆಳಗಿನಿಂದ ಕಟಕಟ ಸದ್ದು. ಮಾವ ತಲೆ ಮೇಲೆ ಮೊಟಕಿದರು. ಆಮೇಲೆ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೀಟು ಎಳೆದು ತೋರಿಸಿದರು. ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹೋಗುತ್ತವೆ, ಹಿಂದಿನವು ಚಿಕ್ಕ ಸುತ್ತು. ಎರಡನ್ನೂ ಒಂದೇ ಶಾಫ್ಟಿಗೆ ಕಟ್ಟಿಹಾಕಿದರೆ ಒಂದು ಇನ್ನೊಂದನ್ನು ಎಳೆದಾಡುತ್ತದೆ. ಮಣ್ಣಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ. ಟಾರಿನಲ್ಲಿ ಜಾರುವುದಿಲ್ಲ, ಹಲ್ಲು ಮುರಿಯುತ್ತದೆ. ಇದಕ್ಕೆ ಪರಿಹಾರ ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವೆ ಮೂರನೆಯ ಒಂದು ಡಿಫರೆನ್ಷಿಯಲ್. ಮಾವನ ಜೀಪಿನಲ್ಲಿ ಅದು ಇರಲಿಲ್ಲ.

1977ರ ಚಳಿಗಾಲ. ಫಿನ್ಲೆಂಡಿನ ಹಿಮದ ಮೇಲೆ ಜರ್ಮನಿಯ ಆಡಿ ಕಂಪನಿಯವರು ಕಾರುಗಳ ಪರೀಕ್ಷೆ ಮಾಡುತ್ತಿದ್ದರು. ಜೊತೆಗೆ ಸೈನ್ಯಕ್ಕಾಗಿ ಮಾಡಿದ ಫೋಕ್ಸ್‌ವ್ಯಾಗನ್ ಇಲ್ಟಿಸ್ ಅನ್ನುವ ಜೀಪೂ ಇತ್ತು. ಅದರ ಶಕ್ತಿ ಬರೀ 75 ಹಾರ್ಸ್‌ಪವರ್. ಆದರೆ ಹಿಮದಲ್ಲಿ ಅದಕ್ಕಿಂತ ಎಷ್ಟೋ ಬಲವಾದ ಮುಂಚಕ್ರದ ಆಡಿಗಳನ್ನು ಹಿಂದೆ ಹಾಕಿ ಹೋಗುತ್ತಿತ್ತು. ಯೋರ್ಗ್ ಬೆನ್ಸಿಂಗರ್ ಅನ್ನುವ ಇಂಜಿನಿಯರ್ ಇದನ್ನು ನೋಡಿ, ಇದೇ ಗುಣವನ್ನು ವೇಗದ ಕಾರಿಗೆ ಕೊಟ್ಟರೆ ಹೇಗೆ ಅಂದ. ತಾಂತ್ರಿಕ ವಿಭಾಗದ ಮುಖ್ಯಸ್ಥ ಫರ್ಡಿನಾಂಡ್ ಪೀಹ್ ಬೆನ್ನಿಗೆ ನಿಂತ. ಗೇರ್‌ಬಾಕ್ಸಿನ ಒಂದು ಶಾಫ್ಟನ್ನು ಕೊಳವೆ ಥರ ಟೊಳ್ಳು ಮಾಡಿ, ಹಿಂದಿನ ತುದಿಯಲ್ಲಿ ಮೂರನೇ ಡಿಫರೆನ್ಷಿಯಲ್ ಕೂರಿಸಿ, ಅಲ್ಲಿಂದ ಟೊಳ್ಳಿನೊಳಗೇ ಇನ್ನೊಂದು ಶಾಫ್ಟ್ ತೂರಿಸಿ ಶಕ್ತಿಯನ್ನು ಮುಂದಕ್ಕೆ ತಂದರು. ಜೀಪಿನಲ್ಲಿರುವಂಥ ಭಾರದ ಟ್ರಾನ್ಸ್‌ಫರ್ ಕೇಸೇ ಬೇಡವಾಯ್ತು. ಎಷ್ಟು ಸರಳ ನೋಡಿ! ಮಾವನಿಗೆ ಇದನ್ನು ಬರೆದು ತೋರಿಸಿದಾಗ ಅವರು ಬೀಡಿ ಹಚ್ಚುವುದು ಮರೆತು ಚಿತ್ರವನ್ನೇ ನೋಡುತ್ತಾ ಕೂತಿದ್ದರು.

(ಆಡಿಯೇ ಮೊದಲು ಅಂತಲ್ಲ. 1966ರಲ್ಲೇ ಇಂಗ್ಲೆಂಡಿನ ಜೆನ್ಸನ್ ಎಫ್‌ಎಫ್ ಇತ್ತು. 1972ರಲ್ಲಿ ಜಪಾನಿನ ಸುಬಾರು ತನ್ನ ಲಿಯೋನ್ ಕಾರಿಗೆ ಫೋರ್‌ವೀಲ್ ಕೊಟ್ಟಿತ್ತು. ಆದರೆ ಅದು ಜೀಪಿನ ಹಾಗೆ ಬೇಕಾದಾಗ ಹಾಕುವಂಥದ್ದು.)

1980ರ ಮಾರ್ಚಿನಲ್ಲಿ ಜಿನೀವಾ ಮೋಟಾರ್ ಷೋದಲ್ಲಿ ಆಡಿ ಕ್ವಾಟ್ರೋ ಬಂತು. ಟರ್ಬೋ ಇಂಜಿನ್, 200 ಹಾರ್ಸ್‌ಪವರ್. ರ‍್ಯಾಲಿಯಲ್ಲಿ ಫೋರ್‌ವೀಲ್ ಓಡಿಸಲು ಆಗಷ್ಟೇ ಅನುಮತಿ ಸಿಕ್ಕಿತ್ತು. ಬೇರೆ ತಂಡಗಳು ಇಷ್ಟು ಭಾರದ ಕಾರು ಏನು ಓಡೀತು ಅಂದುಕೊಂಡವು. 1981ರಲ್ಲಿ ಸ್ವೀಡನ್ ರ‍್ಯಾಲಿಯನ್ನು ಹಾನು ಮಿಕೋಲ ಗೆದ್ದ. ಅದೇ ವರ್ಷ ಇಟಲಿಯ ಸಾನ್ರೆಮೋದಲ್ಲಿ ಫ್ರಾನ್ಸಿನ ಮಿಷೆಲ್ ಮೂಟೋನ್ ಗೆದ್ದಳು. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತೊಂದನ್ನು ಗೆದ್ದ ಮೊದಲ ಹೆಂಗಸು ಆಕೆ. ಅಲ್ಲಿಂದ ಮುಂದೆ ಎರಡು ಚಕ್ರ ಎಳೆಯುವ ಕಾರುಗಳ ಕಾಲ ಮುಗಿಯುತ್ತಾ ಬಂತು.

ರ‍್ಯಾಲಿ ಅಂದರೆ ಬೇರೆಯೇ ಆಟ ಅಂತ ಇಲ್ಲಿ ಹೇಳಿಬಿಡಬೇಕು. ಟಿವಿಯಲ್ಲಿ ಬರುವ ಫಾರ್ಮುಲಾ ಒನ್ ಥರ ಎಲ್ಲರೂ ಒಟ್ಟಿಗೆ ಓಡುವುದಿಲ್ಲ. ಒಂದೊಂದೇ ಕಾರು, ಗಡಿಯಾರದ ವಿರುದ್ಧ, ಮಣ್ಣು-ಜಲ್ಲಿ-ಹಿಮದ ಮೇಲೆ. ಪಕ್ಕದ ಸೀಟಿನಲ್ಲಿ ಕೋ-ಡ್ರೈವರ್ ಮುಂದಿನ ತಿರುವು ಎಂಥದ್ದು ಅಂತ ಓದಿ ಹೇಳುತ್ತಿರುತ್ತಾನೆ. ನಮ್ಮ ದೇಶದ ಹೆಸರಾಂತ ಕೋ-ಡ್ರೈವರ್ ಮೂಸಾ ಷರೀಫ್ ಕಾಸರಗೋಡಿನವರು, ಗೊತ್ತಿರಲಿ :-)

ಆಡಿ ಗೆದ್ದದ್ದೇ ಎಲ್ಲರೂ ಅದರ ಹಿಂದೆ ಬಿದ್ದರು. 1982ರಲ್ಲಿ ಬಂದ ಗ್ರೂಪ್ ಬಿ ನಿಯಮದಲ್ಲಿ ಬರೀ 200 ಕಾರು ಮಾಡಿದರೆ ಸಾಕಿತ್ತು. ಹಾಗಾಗಿ ಕಂಪನಿಗಳು ಮಾಮೂಲಿ ಕಾರಿನ ಹೆಸರಿಟ್ಟು ರಾಕ್ಷಸರನ್ನು ಹುಟ್ಟಿಸಿದವು. 1986ರ ಮಾರ್ಚಿನಲ್ಲಿ ಪೋರ್ಚುಗಲ್ಲಿನಲ್ಲಿ ಒಂದು ಕಾರು ಜನರ ಮೇಲೆ ನುಗ್ಗಿ ನೋಡಲು ಬಂದವರು ಸತ್ತರು. ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದಲ್ಲಿ ಹೆನ್ರಿ ಟೋಯ್ವೊನೆನ್ ಮತ್ತು ಕೋ-ಡ್ರೈವರ್ ಸೆರ್ಜಿಯೋ ಕ್ರೆಸ್ಟೋ ಸುಟ್ಟುಹೋದರು. ಗ್ರೂಪ್ ಬಿ ಅಲ್ಲಿಗೆ ಮುಗಿಯಿತು.

ನನ್ನ ಪ್ರಕಾರ ಈ ಕಥೆಯ ತಿರುವು ಇಲ್ಲೇ ಇದೆ. 1987ರಿಂದ ಗ್ರೂಪ್ ಎ. ನಿಯಮ ಏನೆಂದರೆ, ರ‍್ಯಾಲಿಗೆ ತರುವ ಕಾರನ್ನು ಒಂದು ವರ್ಷದಲ್ಲಿ 5,000 ಮಾಡಿರಬೇಕು. ಮುಂದೆ ಅದು 2,500 ಆಯ್ತು. ಅಂದರೆ ರ‍್ಯಾಲಿ ಗೆಲ್ಲಬೇಕೋ, ಅಂಥದ್ದೇ ಟರ್ಬೋ ಇಂಜಿನ್, ಅಂಥದ್ದೇ ಫೋರ್‌ವೀಲ್ ಇರುವ ಕಾರನ್ನು ಅಂಗಡಿಯಲ್ಲಿಟ್ಟು ಮೇಷ್ಟ್ರಿಗೂ ಡಾಕ್ಟರಿಗೂ ಮಾರು! ಕಂಪನಿಗಳು ಪ್ರೀತಿಯಿಂದ ಮಾಡಿದ ಕಾರುಗಳಲ್ಲ ಇವು, ನಿಯಮ ಕಿವಿ ಹಿಂಡಿ ಮಾಡಿಸಿದ ಕಾರುಗಳು.

ಮೊದಲು ಮೆರೆದದ್ದು ಇಟಲಿಯ ಲ್ಯಾನ್ಸಿಯಾ ಡೆಲ್ಟಾ. 1987ರಿಂದ 1992ರವರೆಗೆ ಸತತ ಆರು ವರ್ಷ ತಯಾರಕರ ಪಟ್ಟ ಅದಕ್ಕೇ. ಆದರೆ ಅದು ಹಿಂದೆ ಡಿಕ್ಕಿ ಇಲ್ಲದ ಹ್ಯಾಚ್‌ಬ್ಯಾಕು. ಸೆಡಾನಿನ ಕಥೆ ಬರೆದವರು ಜಪಾನಿನವರು. ಮಿತ್ಸುಬಿಷಿ ಮೊದಲು ಗ್ಯಾಲಂಟ್ ವಿಆರ್-4 ತಂದಿತು, ಸುಬಾರು ಲೆಗಸಿ ಆರ್‌ಎಸ್ ತಂದಿತು. ಎರಡೂ ದೊಡ್ಡ ಕಾರುಗಳು, ಕಾಡಿನ ಸಣ್ಣ ದಾರಿಯಲ್ಲಿ ಮೈ ತಿರುಗುತ್ತಿರಲಿಲ್ಲ. ಇಬ್ಬರೂ ಒಂದೇ ಉಪಾಯ ಮಾಡಿದರು: ದೊಡ್ಡಣ್ಣನ ಇಂಜಿನ್ ಕಿತ್ತು ತಮ್ಮನಿಗೆ ಹಾಕುವುದು. 1992ರ ಅಕ್ಟೋಬರಿನಲ್ಲಿ ಲ್ಯಾನ್ಸರ್ ಎವಲ್ಯೂಷನ್, ಅದರ ಬೆನ್ನಿಗೇ ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್. ಎರಡಕ್ಕೂ 2 ಲೀಟರ್ ಟರ್ಬೋ, ಶಕ್ತಿ 240-250ರ ಆಸುಪಾಸು. ಹೊರಗಿನಿಂದ ನೋಡಿದರೆ ಸಂಸಾರಸ್ಥರ ಕಾರು!

ಸುಬಾರು ಅಂದರೆ ಜಪಾನಿ ಭಾಷೆಯಲ್ಲಿ ನಮ್ಮ ಕೃತ್ತಿಕಾ ನಕ್ಷತ್ರ. ಲಾಂಛನದಲ್ಲಿ ಆರು ನಕ್ಷತ್ರಗಳಿವೆ. ಅದರ ಇಂಜಿನ್ನಿಗೆ ಬಾಕ್ಸರ್ ಅನ್ನುತ್ತಾರೆ. ಬಜಾಜ್ ಬಾಕ್ಸರ್ ಅಲ್ಲ ಮತ್ತೆ! ಪಿಸ್ಟನ್‌ಗಳು ಮೇಲೆ ಕೆಳಗೆ ಆಡುವ ಬದಲು ಅಡ್ಡಡ್ಡ, ಇಬ್ಬರು ಎದುರುಬದುರು ಗುದ್ದಾಡಿದ ಹಾಗೆ. ಇಂಜಿನ್ ಮಲಗಿರುವುದರಿಂದ ಭಾರ ನೆಲಕ್ಕೆ ಹತ್ತಿರ.

1995ರಲ್ಲಿ ಸ್ಕಾಟ್ಲೆಂಡಿನ ಕಾಲಿನ್ ಮೆಕ್ರೇ ಇಂಪ್ರೆಜಾದಲ್ಲಿ ವಿಶ್ವ ಚಾಂಪಿಯನ್ ಆದ. ಸುಬಾರುಗೆ 1995, 96, 97 ಮೂರು ವರ್ಷ ತಯಾರಕರ ಪಟ್ಟ. ಅತ್ತ ಮಿತ್ಸುಬಿಷಿಯ ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ನಾಲ್ಕು ವರ್ಷ ಬಿಡದೆ ಚಾಲಕರ ಪಟ್ಟ ಹೊಡೆದ. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಗೆಳೆಯನ ಕಂಪ್ಯೂಟರಿನಲ್ಲಿ ‘ಕಾಲಿನ್ ಮೆಕ್ರೇ ರ‍್ಯಾಲಿ’ ಆಡಿ ಎರಡು ಇಂಟರ್ನಲ್ಸ್ ಹಾಳು ಮಾಡಿಕೊಂಡಿದ್ದು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ನೀಲಿ ಕಾರು, ಮೈಮೇಲೆ ಹಳದಿ 555. ಅದು ಸಿಗರೇಟು ಕಂಪನಿಯ ಜಾಹೀರಾತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಒಬ್ಬರನ್ನು ನೋಡಿ ಇನ್ನೊಬ್ಬರು ಸುಧಾರಿಸಿದರು. 1996ರ ನಾಲ್ಕನೇ ಎವಲ್ಯೂಷನ್ನಿನಲ್ಲಿ ಹಿಂದಿನ ಡಿಫರೆನ್ಷಿಯಲ್ಲೇ ಯಾವ ಚಕ್ರಕ್ಕೆ ಎಷ್ಟು ಶಕ್ತಿ ಅಂತ ತೀರ್ಮಾನಿಸಿ ಕಾರನ್ನು ತಿರುವಿನೊಳಕ್ಕೆ ತಿರುಗಿಸುವ ವ್ಯವಸ್ಥೆ ಬಂತು. ಸುಬಾರುವಿನ ಎಸ್‌ಟಿಐಗಳಲ್ಲಿ ಮಧ್ಯದ ಡಿಫರೆನ್ಷಿಯಲ್ ಎಷ್ಟು ಬಿಗಿ ಇರಬೇಕು ಅಂತ ಚಾಲಕನೇ ಒಂದು ಚಕ್ರ ತಿರುಗಿಸಿ ಹೇಳಬಹುದಿತ್ತು. ಮಾವ ಚಾಕ್‌ಪೀಸಿನಲ್ಲಿ ತೋರಿಸಿದ ತೊಂದರೆಗೆ ಜಪಾನಿನವರು ಬೆರಳ ತುದಿಯಲ್ಲಿ ಉತ್ತರ ಕೊಟ್ಟಿದ್ದರು.

ಆದರೆ 1997ರಲ್ಲಿ (ನಮ್ಮ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೇ) ನಿಯಮ ಮತ್ತೆ ಬದಲಾಯ್ತು. ಇನ್ನು ಮೇಲೆ ಮಾಮೂಲಿ ಮುಂಚಕ್ರದ ಕಾರಿಗೇ ಟರ್ಬೋ, ಫೋರ್‌ವೀಲ್ ಸೇರಿಸಿ ರ‍್ಯಾಲಿಗೆ ತರಬಹುದು, ಅಂಥದ್ದನ್ನು ಜನಕ್ಕೆ ಮಾರಬೇಕಾಗಿಲ್ಲ. ಸುಬಾರು ಕೂಡಲೇ ಆ ಕಡೆ ಹೋಯ್ತು. ಮಿತ್ಸುಬಿಷಿ ಮಾತ್ರ 2001ರವರೆಗೂ ಹಟ ಹಿಡಿದು ಹಳೇ ನಿಯಮದಲ್ಲೇ ಓಡಿತು. ಮ್ಯಾಕಿನೆನ್ನನ ಕಾರಿಗೂ ಅಂಗಡಿಯ ಎವಲ್ಯೂಷನ್ನಿಗೂ ಅಷ್ಟು ಹತ್ತಿರದ ರಕ್ತಸಂಬಂಧ ಇದ್ದದ್ದು ಅದಕ್ಕೇ. ಆ ಗಂಟು ಬಿಚ್ಚಿಕೊಂಡ ಮೇಲೆ ಕಾರುಗಳು ಇನ್ನೂ ಹದಿನೈದಿಪ್ಪತ್ತು ವರ್ಷ ಬಂದವು, ಆದರೆ ಹುಟ್ಟಿಗೆ ಕಾರಣವೇ ಇರಲಿಲ್ಲ. 2008ರ ಕೊನೆಯಲ್ಲಿ ಸುಬಾರು ವಿಶ್ವ ರ‍್ಯಾಲಿ ಬಿಟ್ಟಿತು. 2016ರಲ್ಲಿ ಹತ್ತನೇ ಎವಲ್ಯೂಷನ್ನೇ ಕೊನೆಯದಾಯ್ತು. 2022ರಲ್ಲಿ ಸುಬಾರು ಹೊಸ ಪೆಟ್ರೋಲ್ ಎಸ್‌ಟಿಐ ಬರುವುದಿಲ್ಲ ಅಂದಿತು.

ಇನ್ನು ನಮ್ಮ ದೇಶ. 1998ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಚೆನ್ನೈ ಹತ್ತಿರದ ತಿರುವಳ್ಳೂರಿನಲ್ಲಿ ಲ್ಯಾನ್ಸರ್ ಮಾಡಲು ಶುರುಮಾಡಿತು. ತಮಾಷೆ ಎಂದರೆ ಅದು ಮ್ಯಾಕಿನೆನ್ ಓಡಿಸುತ್ತಿದ್ದ ನಾಲ್ಕು, ಐದು, ಆರನೇ ಎವಲ್ಯೂಷನ್ನಿನ ತಲೆಮಾರಿನದೇ ಲ್ಯಾನ್ಸರ್. ಒಳಗೆ ಮಾತ್ರ 1.5 ಲೀಟರ್ ಪೆಟ್ರೋಲು, ಎಳೆಯುವುದು ಮುಂದಿನ ಎರಡೇ ಚಕ್ರ. ಮೈಕಟ್ಟು ಒಂದೇ ಆದ್ದರಿಂದ ರೆಕ್ಕೆ ಅಂಟಿಸಿದರೆ ಯಾರಿಗೂ ವ್ಯತ್ಯಾಸ ಕಾಣದು. ಬ್ರೋಕರ್‌ಗಳಿಗೆ ಇನ್ನೇನು ಬೇಕು? ಲ್ಯಾನ್ಸರ್ ಒಳ್ಳೆಯ ಕಾರೇ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಬಂದ ಸಿಡಿಯಾ ಭಾರತದ ರ‍್ಯಾಲಿಗಳಲ್ಲಿ ಬಹಳ ಗೆದ್ದಿತು, ಅದೂ ಮುಂಚಕ್ರದ್ದೇ. ಫೋರ್‌ವೀಲಿನ ರ‍್ಯಾಲಿ ಕಾರನ್ನು ಕನ್ನಡದ ನೆಲದಲ್ಲಿ ನೋಡಬೇಕಾದರೆ ಚಿಕ್ಕಮಗಳೂರಿಗೆ ಹೋಗಬೇಕಿತ್ತು. 2016ರಲ್ಲಿ ಅಲ್ಲಿನ ಕಾಫಿ ತೋಟದ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಸುತ್ತು ನಡೆದಾಗ ಗೌರವ್ ಗಿಲ್ ಗೆದ್ದದ್ದು ಸ್ಕೋಡಾ ಫೇಬಿಯಾದಲ್ಲಿ. ಅದು ಸೆಡಾನ್ ಅಲ್ಲ, ಪುಟಾಣಿ ಹ್ಯಾಚ್‌ಬ್ಯಾಕು. ಸೆಡಾನಿನ ಕಾಲ ಅಷ್ಟರಲ್ಲಿ ಮುಗಿದಿತ್ತು.

ಸುಬಾರು ಮಾತ್ರ ನಮ್ಮ ಊರಿಗೆ ಬೇರೆ ವೇಷದಲ್ಲಿ ಬಂದಿತ್ತು. 2000ದ ದಶಕದಲ್ಲಿ ಷೆವರ್ಲೆ ಫಾರೆಸ್ಟರ್ ಅಂತ ಒಂದು ಗಾಡಿ ಮಾರುತ್ತಿದ್ದರು, ನೆನಪಿದೆಯಾ? ಅದು ಹೆಸರು ಬದಲಿಸಿದ ಸುಬಾರು. ಇಂಪ್ರೆಜಾದ ತಳಹದಿ, ಬಾಕ್ಸರ್ ಇಂಜಿನ್, ನಾಲ್ಕೂ ಚಕ್ರ. ಒಮ್ಮೆ ಊಟಿಗೆ ಹೊರಟಿದ್ದ ಬೆಂಗಳೂರಿನವರ ಫಾರೆಸ್ಟರ್ ಬೆಲ್ಟಿನ ಸದ್ದು ಅಂತ ಮಾವನ ಗ್ಯಾರೇಜಿಗೆ ಬಂತು. ಬಾನೆಟ್ ಎತ್ತಿದ ಮಾವ, "ಇದೇನು ಕೂಸು, ಇಂಜಿನ್ನು ಮಲ್ಗದೆ!" ಅಂದರು. ಆಮೇಲೆ ಗೋಣಿಚೀಲ ಹಾಸಿ ಅಡಿಗೆ ಹೋದರು. ಬೆಲ್ಟಿಗೂ ಅಡಿಗೂ ಸಂಬಂಧವೇ ಇಲ್ಲ. ಹತ್ತು ನಿಮಿಷ ಹೊರಗೆ ಬರಲಿಲ್ಲ. ಬಂದಮೇಲೆ ನನ್ನನ್ನು ಕರೆದು, "ಹೋಗಿ ನೋಡು, ಹಿಂದುಕ್ಕೂ ಶಾಫ್ಟ್ ಅದೆ. ನೆಟ್ಟಗೆ ಗೀಟು ಎಳ್ದಂಗದೆ" ಅಂದರು. ದುಡ್ಡು ಬೇಡ ಅಂದುಬಿಟ್ಟರು.

"ಇದಾಗಿದ್ರೆ ನಮ್ ಹೊಲದಲ್ಲಿ ಹೋಗ್ತಿತ್ತಾ ಮಾವ?" ಅಂತ ಕೇಳಿದೆ. "ಇದು ಹೋಯ್ತದೆ. ನೀ ಹೇಳ್ತೀಯಲ್ಲ ಆ ರೇಸು ಕಾರು, ಅದು ಹೋಗಕಿಲ್ಲ. ಹೊಟ್ಟೆ ನೆಲಕ್ಕೆ ಬಡೀತದೆ" ಅಂದರು.

ತಮ್ಮ ಆ ಲ್ಯಾನ್ಸರನ್ನು ನಾಲ್ಕು ವರ್ಷ ಓಡಿಸಿದ. ಮಾರುವಾಗ ಸ್ಟಿಕರ್ ಕಿತ್ತ. ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿ ‘ಎವಲ್ಯೂಷನ್’ ಅನ್ನುವ ಅಕ್ಷರಗಳು ಅಲ್ಲೇ ಬೆಳ್ಳಗೆ ಉಳಿದಿದ್ದವು. ಕೊಳ್ಳಲು ಕೊಳ್ಳೇಗಾಲದ ಕಡೆಯ ಹುಡುಗನೊಬ್ಬ ಬಂದ. ಆ ಅಕ್ಷರ ನೋಡಿ ಅವನ ಕಣ್ಣು ಅರಳಿತಂತೆ. ತಮ್ಮ ರೇಟು ಹೇಳುವ ಮೊದಲು ಅವನನ್ನು ಮಾವನ ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಗೋಣಿಚೀಲ ಹಾಸಿ, "ಮೊದ್ಲು ಅಡಿಗೆ ಹೋಗಿ ನೋಡ್ಕೊಂಡ್ ಬಾಪ್ಪ" ಅಂದನಂತೆ.