ಎಂಜಿನ್ ಸುಮ್ಮನಾದಾಗ ಕೇಳುವ ಸ್ಟೀರಿಂಗ್ ಸದ್ದು

ಪೆಟ್ರೋಲ್ ಕಾರನ್ನು ಸಾಮಾನ್ಯರ ಕೈಗೆಟುಕಿಸಿದ ಹೆನ್ರಿ ಫೋರ್ಡನ ಮಡದಿ ಕ್ಲಾರಾ ಇಷ್ಟಪಟ್ಟು ಓಡಿಸುತ್ತಿದ್ದುದು ಗಂಡನ ಕಾರ್ಖಾನೆಯ ಕಾರನ್ನಲ್ಲ, ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರನ್ನು. 1907ರಲ್ಲಿ ತಯಾರಿಕೆ ಆರಂಭವಾದ ಆ ಕಾರಿನಲ್ಲಿ ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸುವ ಕಷ್ಟವಿರಲಿಲ್ಲ; ಹೊಗೆಯಿಲ್ಲ, ಗದ್ದಲವಿಲ್ಲ. ದುಂಡಗಿನ ಸ್ಟೀರಿಂಗ್ ಚಕ್ರವೂ ಇರಲಿಲ್ಲ. ದೋಣಿಯ ಚುಕ್ಕಾಣಿಯಂಥ ಉದ್ದನೆಯ ಹಿಡಿಕೆಯನ್ನು ಅತ್ತಿತ್ತ ಸರಿಸಿದರೆ ಮುಂದಿನ ಗಾಲಿಗಳು ಹೊರಳುತ್ತಿದ್ದವು.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಬ್ಯಾಟರಿ ಕಾರಿನ ದೊಡ್ಡ ಅನುಕೂಲವೊಂದು ಪೆಟ್ರೋಲ್ ಕಾರಿಗೂ ದಕ್ಕಿತು. ಮುಂದೆ ಬಹುಕಾಲ ಚಾಲಕರ ಕಿವಿ ತುಂಬಿದ್ದು ಎಂಜಿನ್ನಿನ ಸದ್ದೇ. ಅದರಡಿಯಲ್ಲಿ ಸ್ಟೀರಿಂಗಿನ ಕಿರುಗುಟ್ಟುವಿಕೆ, ಟಕಟಕ ಎಲ್ಲವೂ ಮುಚ್ಚಿಹೋಗುತ್ತಿದ್ದವು. ಇಂದು ವಿದ್ಯುತ್ ಕಾರು ಕೊಂಡವರಲ್ಲಿ ಅನೇಕರು "ಹೊಸ ಕಾರು, ಆಗಲೇ ಸದ್ದು!" ಎಂದು ಗಾಬರಿಯಾಗುವುದಕ್ಕೆ ಇದೂ ಒಂದು ಕಾರಣ. ಆದರೆ ಹಾಗೆ ಕೇಳಿಬರುವ ಸದ್ದುಗಳೆಲ್ಲ ನಿರುಪದ್ರವಿಗಳಲ್ಲ. ಯಾವುದನ್ನು ಕೇಳಿಯೂ ಸುಮ್ಮನಿರಬಹುದು, ಯಾವುದಕ್ಕೆ ಕೂಡಲೇ ಗಾಡಿ ನಿಲ್ಲಿಸಬೇಕು ಎಂಬುದನ್ನು ಅರಿಯಲು ಸ್ಟೀರಿಂಗ್ ಬೆಳೆದು ಬಂದ ಬಗೆಯನ್ನು ಸ್ವಲ್ಪ ತಿಳಿಯಬೇಕು.

1894ರ ಪ್ಯಾರಿಸ್–ರೂವಾನ್ ಓಟದಲ್ಲಿ ಆಲ್‌ಫ್ರೆಡ್ ವಾಷರೋನ್ ತನ್ನ ಪನಾರ್ ಗಾಡಿಗೆ ಹಿಡಿಕೆಯ ಬದಲು ಚಕ್ರ ಜೋಡಿಸಿದ. ಗಾಡಿಗಳು ಭಾರವಾದಂತೆ ಆ ಚಕ್ರ ತಿರುಗಿಸುವುದು ತೋಳಿಗೆ ಶಿಕ್ಷೆಯಾಯಿತು. 1926ರಲ್ಲಿ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಎಣ್ಣೆಯ ಒತ್ತಡದಿಂದ ನೆರವಾಗುವ ಪವರ್ ಸ್ಟೀರಿಂಗನ್ನು ಪ್ರದರ್ಶಿಸಿದ. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ಈ ವ್ಯವಸ್ಥೆಯ ಎಣ್ಣೆ ಪಂಪನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತಿತ್ತು. ಎಂಜಿನ್ನೇ ಇಲ್ಲದ ಕಾರಿನಲ್ಲಿ ಏನು ಮಾಡುವುದು? ಜನರಲ್ ಮೋಟಾರ್ಸ್ 1996ರಲ್ಲಿ ಹೊರತಂದ ಇವಿ1 ಕಾರಿನಲ್ಲಿ ವಿದ್ಯುತ್ ಮೋಟಾರೊಂದು ಆ ಪಂಪನ್ನು ನಡೆಸುತ್ತಿತ್ತು. ಅದಕ್ಕೂ ಮೊದಲೇ, 1988ರಲ್ಲಿ, ಜಪಾನಿನ ಸುಜುಕಿ ಸರ್ವೋ ಎಂಬ ಪುಟ್ಟ ಕಾರು ಎಣ್ಣೆಯ ಗೊಡವೆಯೇ ಬೇಡವೆಂದು ಸಣ್ಣ ಮೋಟಾರಿನಿಂದಲೇ ನೆರವು ಪಡೆದಿತ್ತು. ಇಂದಿನ ವಿದ್ಯುತ್ ಕಾರುಗಳು ಸಾಮಾನ್ಯವಾಗಿ ತುಳಿದಿರುವುದು ಈ ಎರಡನೆಯ ಹಾದಿಯನ್ನೇ.

ನಿಂತ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಕೇಳುವ ಸಣ್ಣ 'ಗುಂಯ್' ಸದ್ದು ಈ ಮೋಟಾರಿನದು. ಅದು ದಿನೇದಿನೇ ಜೋರಾಗದಿದ್ದರೆ ಚಿಂತೆಯಿಲ್ಲ. ಚಕ್ರದ ಹಿಂದೆಯೇ ಕಾಗದ ಉಜ್ಜಿದಂತೆ ಸರಸರ ಕೇಳಿದರೆ ಅಲ್ಲಿ ಸುರುಳಿಯಾಗಿರುವ ತಂತಿಪಟ್ಟಿಯ ಮೇಲೆ ಅನುಮಾನ. ಹಾರ್ನಿಗೂ ಏರ್‌ಬ್ಯಾಗಿಗೂ ವಿದ್ಯುತ್ ಹೋಗುವುದು ಅದರ ಮೂಲಕವೇ ಆದ್ದರಿಂದ ಮನೆಯಲ್ಲಿ ಬಿಚ್ಚಲು ಹೋಗಬಾರದು. ಕಾರು ಚಲಿಸುತ್ತ ಪೂರ್ತಿ ಹೊರಳುವಾಗ 'ಟಕ್ ಟಕ್' ಎಂದರೆ ದೋಷ ಸ್ಟೀರಿಂಗಿನದೇ ಅಲ್ಲದಿರಬಹುದು. ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಆಕ್ಸಲ್ ಜಾಯಿಂಟಿನದಿರಬಹುದು. ಗುಂಡಿಗಿಳಿದಾಗ 'ಠಕ್' ಎನ್ನುತ್ತ ಚಕ್ರವೂ ಸಡಿಲವೆನಿಸಿದರೆ ಟೈ ರಾಡ್ ತುದಿಯನ್ನೋ ಬಾಲ್ ಜಾಯಿಂಟನ್ನೋ ನೋಡಬೇಕು. ಎಲ್ಲಕ್ಕಿಂತ ಅಪಾಯದ್ದು ಇದು. ಆ ಜಾಯಿಂಟ್ ಕಳಚಿದರೆ ಚಾಲಕ ಚಕ್ರವನ್ನು ಎಷ್ಟು ತಿರುಗಿಸಿದರೂ ಗಾಲಿ ಅವನ ಮಾತು ಕೇಳದು.

ಸದ್ದು ಎಲ್ಲಿಂದ ಎಂದು ಪತ್ತೆ ಮಾಡುವುದೇ ದೊಡ್ಡ ಪಾಡು, ಏಕೆಂದರೆ ಲೋಹದ ಮೈಯಲ್ಲಿ ಸದ್ದು ಹರಿದು ಬೇರೆಲ್ಲಿಂದಲೋ ಬಂದಂತೆ ಕೇಳುತ್ತದೆ. ಪ್ಯಾರಿಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಹಚ್ಚಿ ಆಲಿಸಿದ್ದರಿಂದ ಸ್ಟೆತೊಸ್ಕೋಪು ಹುಟ್ಟಿತಷ್ಟೆ. ಗ್ಯಾರೇಜಿನ ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ ಮಾಡುವುದೂ ಅದನ್ನೇ. ಒಬ್ಬರು ಚಕ್ರ ತಿರುಗಿಸುತ್ತಿರಬೇಕು, ಇನ್ನೊಬ್ಬರು ಒಂದೊಂದೇ ಜಾಯಿಂಟಿನ ಮೇಲೆ ಕೈಯಿಟ್ಟು ನಡುಕವನ್ನು ಗಮನಿಸಬೇಕು. ಕಿರುಗುಟ್ಟುವಿಕೆ ಸ್ಪ್ರಿಂಗ್ ಮೇಲಿನ ಸ್ಟ್ರಟ್ ಬೇರಿಂಗಿನದಾದರೆ ಸ್ಪ್ರಿಂಗ್ ನಯವಾಗಿ ಸುತ್ತದೆ ತಡೆತಡೆದು ಜಿಗಿಯುತ್ತದೆ. ಮುಂದಿನ ಗಾಲಿಗಳನ್ನು ಸ್ಟ್ಯಾಂಡ್ ಕೊಟ್ಟು ಎತ್ತಿ ತಿರುಗಿಸಿದಾಗ ಸದ್ದು ನಿಂತರೆ ಭಾರ ಹೊರುವ ಭಾಗದಲ್ಲೇ ದೋಷವಿರಬಹುದು. ವಿದ್ಯುತ್ ಕಾರಿನಲ್ಲಿ ಒಂದು ಎಚ್ಚರಿಕೆ: ಅಡಿಯಲ್ಲಿ ಕಾಣುವ ಕಿತ್ತಳೆ ಬಣ್ಣದ ಕೇಬಲ್ಲುಗಳು ಭಾರೀ ವೋಲ್ಟೇಜಿನವು, ಮುಟ್ಟಬಾರದು.

ಹಳೆಯ ಕಾರುಗಳಲ್ಲಿ ರಿಪೇರಿ ಸುಲಭವಿತ್ತು. ಜಾಯಿಂಟುಗಳಿಗೆ ನಿಪ್ಪಲ್ ಇರುತ್ತಿತ್ತು, ಗ್ರೀಸ್ ಗನ್ ಒತ್ತಿದರೆ ಮುಗಿಯಿತು. ಈಗಿನವು ರಬ್ಬರ್ ಹೊದಿಕೆಯೊಳಗೆ ಮುಚ್ಚಿದವು. ಹೊದಿಕೆ ಹರಿದು ನೀರು, ಧೂಳು ಒಳಸೇರಿದರೆ ಇಡೀ ಜಾಯಿಂಟನ್ನೇ ಬದಲಿಸಬೇಕು. ಬ್ಯಾಟರಿಯ ಭಾರದಿಂದ ಕಾರೇ ತೂಕವಾಗಿರುವುದರಿಂದ ಅವುಗಳ ಮೇಲಿನ ಹೊರೆಯೂ ಹೆಚ್ಚು. ಹೊರಗಿನಿಂದ ಎಣ್ಣೆ ಸಿಂಪಡಿಸಿ ಸದ್ದಡಗಿಸುವವರುಂಟು. ಸದ್ದಡಗುತ್ತದೆ, ಸವೆತ ನಿಲ್ಲುವುದಿಲ್ಲ. ಟೈ ರಾಡ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಬೇಗ ಸವೆಯುತ್ತದೆ.

ಸದ್ದೊಂದನ್ನೇ ನೆಚ್ಚಿಕೊಂಡು ಕೂರುವಂತೆಯೂ ಇಲ್ಲ. 2018ರಲ್ಲಿ ಟೆಸ್ಲಾ ಕಂಪನಿ 2016ರ ಏಪ್ರಿಲ್‌ಗೆ ಮುಂಚೆ ತಯಾರಾದ ಸುಮಾರು 1,23,000 ಮಾಡೆಲ್ ಎಸ್ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಹಿಮ ಕರಗಿಸಲು ರಸ್ತೆಗೆ ಎರಚುವ ಲವಣದಿಂದ ಪವರ್ ಸ್ಟೀರಿಂಗಿನ ಬೋಲ್ಟುಗಳು ತುಕ್ಕು ಹಿಡಿಯುತ್ತಿದ್ದವು. ಬೋಲ್ಟ್ ಮುರಿದರೂ ಕಾರನ್ನು ತಿರುಗಿಸಬಹುದಿತ್ತು. ಆದರೆ ಮೋಟಾರಿನ ನೆರವು ತಪ್ಪಿ, 1951ಕ್ಕೆ ಹಿಂದಿನ ಚಾಲಕರಂತೆ ತೋಳ್ಬಲವನ್ನೇ ನಂಬಬೇಕಿತ್ತು.