ಗ್ರೋವ್ ಬೀದಿಯ ಕಾಲೇಜು

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಮೆರಿಟ್ ಕಾಲೇಜು 1960ರ ದಶಕದಲ್ಲಿ ಗ್ರೋವ್ ಬೀದಿಯ ಹಳೆಯ ಹೈಸ್ಕೂಲು ಕಟ್ಟಡವೊಂದರಲ್ಲಿ ನಡೆಯುತ್ತಿತ್ತು. ಎರಡು ವರ್ಷದ ಓದಿನ ಸಮುದಾಯ ಕಾಲೇಜು ಅದು. ಬೋಧನಾ ಶುಲ್ಕ ಇರಲಿಲ್ಲ. ಸುತ್ತಲಿನ ಬಡಾವಣೆಗಳ ಕಪ್ಪು ಜನರ ಮಕ್ಕಳಿಗೆ ನಡೆದೇ ಹೋಗುವಷ್ಟು ಹತ್ತಿರ.

ಕಪ್ಪು ಜನರು ಮೊದಲಾದ ಸಮುದಾಯಗಳ ಇತಿಹಾಸ, ಬದುಕು ಕಲಿಸುವ ಜನಾಂಗೀಯ ಅಧ್ಯಯನದ ಪಾಠ ವಿದ್ಯಾರ್ಥಿಗಳನ್ನು ಚಳವಳಿಗೆ ಎಳೆಯುತ್ತದೆ ಎಂಬ ಮಾತು ರೂಢಿಯಲ್ಲಿದೆ. ಆದರೆ ಮೆರಿಟ್‌ನಲ್ಲಿ ಚಳವಳಿಯೇ ಮೊದಲು ಬಂತು, ಪಾಠ ಆಮೇಲೆ. ಬರ್ಕ್ಲಿಯಲ್ಲಿ ಕಾನೂನು ಓದಿದ ಡೊನಾಲ್ಡ್ ವಾರ್ಡನ್ ಆ ದಶಕದ ಆರಂಭದಲ್ಲೇ ಆಫ್ರೋ-ಅಮೆರಿಕನ್ ಅಸೋಸಿಯೇಷನ್ ಎಂಬ ಓದುಗರ ಗುಂಪು ಕಟ್ಟಿದ್ದರು. ಕಪ್ಪು ಚಿಂತಕ ಡುಬಾಯ್ಸ್ ಮೊದಲಾದವರ ಪುಸ್ತಕ ಓದುವುದು, ವಾದ ಮಾಡುವುದು, ಬೀದಿಯಲ್ಲಿ ನಿಂತು ಭಾಷಣ ಮಾಡುವುದು ಆ ಗುಂಪಿನ ಕೆಲಸ. ಆ ವಾದಗಳು ಕಾಲೇಜಿನ ಮುಂಬಾಗಿಲಿಗೂ ಬಂದವು.

ವಾಯುಪಡೆಯಿಂದ ಹೊರಬಿದ್ದಿದ್ದ ಬಾಬಿ ಸೀಲ್ ಮತ್ತು ಹ್ಯೂಯಿ ನ್ಯೂಟನ್ ಪರಿಚಯವಾದದ್ದು ಇಲ್ಲಿಯೇ. ಕಪ್ಪು ಜನರ ಇತಿಹಾಸ ಕಲಿಸಬೇಕು, ಕಲಿಸಲು ಕಪ್ಪು ಅಧ್ಯಾಪಕರೇ ಬೇಕು ಎಂದು ಅವರೂ ಜೊತೆಗಾರರೂ ಪಟ್ಟು ಹಿಡಿದರು. 1966ರ ಅಕ್ಟೋಬರಿನಲ್ಲಿ ಇವರಿಬ್ಬರೂ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿ ಹತ್ತು ಅಂಶಗಳ ಬೇಡಿಕೆ ಪಟ್ಟಿ ಬರೆದರು. ತಮ್ಮ ನಿಜವಾದ ಇತಿಹಾಸ ಕಲಿಸುವ ಶಿಕ್ಷಣ ಬೇಕೆಂಬುದು ಅದರಲ್ಲಿ ಐದನೆಯದು. ಕಾಲೇಜಿನ ಜಗಳವೇ ಪಕ್ಷದ ಕಾರ್ಯಕ್ರಮದೊಳಗೆ ಬಂದು ಕೂತಿತ್ತು. ನ್ಯೂಟನ್ ಕಾನೂನನ್ನೂ ಓದಿಕೊಂಡಿದ್ದರು. ಪೊಲೀಸರು ತಡೆದಾಗ ಬೀದಿಯಲ್ಲೇ ನಿಂತು ಅದನ್ನು ಗಟ್ಟಿಯಾಗಿ ಹೇಳುತ್ತಿದ್ದರು.

1968ರ ಹೊತ್ತಿಗೆ ಮೆರಿಟ್‌ನಲ್ಲಿ ಕಪ್ಪು ಜನರ ಅಧ್ಯಯನ ಪ್ರತ್ಯೇಕ ವಿಷಯವಾಗಿ ನೆಲೆಯೂರಿತು. ದೇಶದಲ್ಲೇ ಮೊದಮೊದಲಿನವುಗಳಲ್ಲಿ ಅದೂ ಒಂದು. ಅದೇ ವರ್ಷದ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಶುರುವಾದ ಮುಷ್ಕರ 1969ರ ಮಾರ್ಚ್‌ವರೆಗೆ ನಡೆದು ಜನಾಂಗೀಯ ಅಧ್ಯಯನದ ವಿಭಾಗವನ್ನೇ ಗೆದ್ದುಕೊಂಡಿತು. ಹೆಸರು ಬಂದದ್ದು ಆ ಮುಷ್ಕರಕ್ಕೆ. ಮೆರಿಟ್‌ನ ಪಾಲನ್ನು ನೆನೆಯುವವರು ಕಡಿಮೆ.

1971ರಲ್ಲಿ ಕಾಲೇಜನ್ನು ಊರಂಚಿನ ಗುಡ್ಡದ ಮೇಲಕ್ಕೆ ಸಾಗಿಸಿದರು. ಬಡಾವಣೆಯವರು ಪ್ರತಿಭಟಿಸಿದರೂ ಅದು ನಿಲ್ಲಲಿಲ್ಲ. ಪಾಠಗಳು ಉಳಿದವು, ಆದರೆ ತರಗತಿಯಿಂದ ನೇರ ಬೀದಿಗಿಳಿಯುವ ದಾರಿ ದೂರವಾಯಿತು. ಗ್ರೋವ್ ಬೀದಿಗೆ ಈಗ ಮಾರ್ಟಿನ್ ಲೂಥರ್ ಕಿಂಗ್ ಹೆಸರಿದೆ. ಹಳೆಯ ಕಟ್ಟಡದ ಒಂದು ಭಾಗ ಹಿರಿಯ ನಾಗರಿಕರ ಕೇಂದ್ರವಾಗಿದೆ.

ಆ ಪಾಠಗಳು ರಾಜ್ಯದ ನಿಯಮವಾಗಲು ಮಾತ್ರ ಬಹಳ ಕಾಲ ಹಿಡಿಯಿತು. ಸಮುದಾಯ ಕಾಲೇಜಿನ ಎರಡು ವರ್ಷದ ಪದವಿ ಪಡೆಯಲು ಜನಾಂಗೀಯ ಅಧ್ಯಯನದ ಒಂದು ಕೋರ್ಸು ಕಡ್ಡಾಯ ಎಂದು ಕ್ಯಾಲಿಫೋರ್ನಿಯಾ ತೀರ್ಮಾನಿಸಿದ್ದು 2021ರಲ್ಲಿ.