ಹೊಟ್ಟೆಯ ನರಗೆಡ್ಡೆಗಳು

ಹೊಟ್ಟೆಯೊಳಗಿನ ನರಗಳಲ್ಲಿ, ಅಥವಾ ನರಗಳನ್ನು ಸುತ್ತಿರುವ ಕವಚದಲ್ಲಿ ಹುಟ್ಟಿ ನಿಧಾನವಾಗಿ ಬೆಳೆಯುವ, ಬೇರೆ ಅಂಗಗಳಿಗೆ ಹರಡದ ಗೆಡ್ಡೆಗಳು. ಇವು ಕ್ಯಾನ್ಸರ್ ಅಲ್ಲ, ಅಪರೂಪದವು. ಶ್ವಾನೋಮ, ನ್ಯೂರೋಫೈಬ್ರೋಮ, ಗ್ಯಾಂಗ್ಲಿಯೋನ್ಯೂರೋಮ ಮುಖ್ಯ ಬಗೆಗಳು.

ಆಡುಮಾತಿನಲ್ಲಿ ‘ನರ’ ಎಂದರೆ ಕೈಮೇಲೆ ಉಬ್ಬಿ ಕಾಣುವ ರಕ್ತನಾಳವೂ ಹೌದು, ಎಳೆದುಕೊಂಡ ಸ್ನಾಯುವೂ ಹೌದು. ಇಲ್ಲಿ ಹೇಳುವ ನರ ಸ್ಪರ್ಶ, ನೋವು, ಚಲನೆಯ ಸುದ್ದಿ ಸಾಗಿಸುವ ತಂತು. ಚರ್ಮದ ನರಹುಲಿಗೂ ಇದಕ್ಕೂ ನಂಟಿಲ್ಲ. ಅದು ವೈರಸ್‌ನಿಂದ ಬರುವುದು.

ಈ ಗೆಡ್ಡೆಗಳು ಹೆಚ್ಚಾಗಿ ಬೆಳೆಯುವುದು ಹೊಟ್ಟೆಯ ಹಿಂಗೋಡೆಯಲ್ಲಿ, ಮೂತ್ರಪಿಂಡ, ಮಹಾಪಧಮನಿ ಮತ್ತು ಬೆನ್ನುಮೂಳೆಯ ನೆರೆಯಲ್ಲಿ. ಅಲ್ಲಿ ಜಾಗ ಸಡಿಲವಾಗಿರುವುದರಿಂದ ಗೆಡ್ಡೆ ತೆಂಗಿನಕಾಯಿಯಷ್ಟಾದರೂ ಸುಳಿವು ಸಿಗದಿರಬಹುದು. ಬರುವ ಸುಳಿವೂ ಮಂದವೇ: ಸೊಂಟನೋವು, ಹೊಟ್ಟೆಭಾರ, ತೊಡೆಯಲ್ಲಿ ಜೋಮು, ಮಲಬದ್ಧತೆ. ದೊಡ್ಡಬಳ್ಳಾಪುರದಲ್ಲಿ ದಿನವಿಡೀ ಮಗ್ಗದ ಮುಂದೆ ನಿಲ್ಲುವವರಿಗೂ ದೇವನಹಳ್ಳಿಯ ದ್ರಾಕ್ಷಿ ಚಪ್ಪರದಡಿ ದುಡಿಯುವವರಿಗೂ ಸೊಂಟನೋವು ಹೊಸದಲ್ಲ. ಆ ನೋವಿಗೆ ಬಹುತೇಕ ಕಾರಣ ಸ್ನಾಯು ಅಥವಾ ಮೂಳೆ; ಗೆಡ್ಡೆಯಲ್ಲ. ಆದರೆ ವಿಶ್ರಾಂತಿಗೂ ತಗ್ಗದೆ ತಿಂಗಳುಗಟ್ಟಲೆ ಉಳಿದರೆ, ಕಾಲಿನ ಬಲ ಕುಗ್ಗಿದರೆ, ಮುಲಾಮು ಹಚ್ಚುತ್ತ ಕೂರದೆ ತೋರಿಸಲೇಬೇಕು.

ಎಷ್ಟೋ ಸಲ ಕಲ್ಲಿಗೋ ಗರ್ಭಕೋಶಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಗೆಡ್ಡೆ ತಾನಾಗಿ ಕಾಣಿಸಿಕೊಳ್ಳುತ್ತದೆ. ಸಿ.ಟಿ., ಎಂ.ಆರ್.ಐ. ಅದರ ಅಂಚು ಮತ್ತು ನೆರೆಯ ರಕ್ತನಾಳಗಳನ್ನು ತೋರಿಸುತ್ತವೆ. ಒಳಗೆ ನೀರುಗಟ್ಟಿದ ಶ್ವಾನೋಮ ಕ್ಷಯದ ಕೀವುಗಡ್ಡೆಯಂತೆ, ಅಂಡಾಶಯದ ಗೆಡ್ಡೆಯಂತೆ ಕಾಣಬಹುದು. ಅದೇ ಜಾಗದಲ್ಲಿ ಸಾರ್ಕೋಮವೆಂಬ ಕ್ಯಾನ್ಸರ್ ಕೂಡ ಬೆಳೆಯುವುದರಿಂದ ಚಿತ್ರವೊಂದನ್ನೇ ನೆಚ್ಚಲಾಗದು. ಬಿ.ಪಿ. ಥಟ್ಟನೆ ಏರುವುದು, ಬೆವರು, ಎದೆಬಡಿತ ಇದ್ದರೆ ಪ್ಯಾರಾಗ್ಯಾಂಗ್ಲಿಯೋಮವೆಂಬ ಇನ್ನೊಂದು ಗೆಡ್ಡೆಯ ಶಂಕೆ. ಅದು ಅಡ್ರಿನಲಿನ್ ಜಾತಿಯ ಹಾರ್ಮೋನು ಸುರಿಸಬಲ್ಲದು, ಕೆಲವೊಮ್ಮೆ ಹರಡಲೂಬಹುದು. ಮೂತ್ರ ಅಥವಾ ರಕ್ತದಲ್ಲಿ ಆ ಹಾರ್ಮೋನಿನ ಗುರುತಾದ ಮೆಟಾನೆಫ್ರಿನ್ ಪರೀಕ್ಷಿಸದೆ ಅದಕ್ಕೆ ಸೂಜಿ ಚುಚ್ಚುವುದು ಜೀವಕ್ಕೇ ಅಪಾಯ.

ಗೆಡ್ಡೆಯ ಬಗೆ ನಿರ್ಧರಿಸುವಲ್ಲಿ ಕೊನೆಯ ಮಾತು ಬಯಾಪ್ಸಿಯ ತುಣುಕನ್ನು ನೋಡುವ ಸೂಕ್ಷ್ಮದರ್ಶಕದ್ದು. ಶ್ವಾನೋಮ ಹುಟ್ಟುವ ಕವಚಕೋಶಗಳಿಗೆ ಜರ್ಮನಿಯ ವಿಜ್ಞಾನಿ ಥಿಯೋಡೋರ್ ಶ್ವಾನ್ ಅವರ ಹೆಸರಿದೆ. 1910ರಲ್ಲಿ ರೋಗಶಾಸ್ತ್ರಜ್ಞ ಹೋಸೆ ವೆರೋಕಾಯ್ ಶ್ವಾನೋಮದ ಕೋಶಗಳು ಸಾಲುಗಟ್ಟಿ ನಿಲ್ಲುವ ವಿನ್ಯಾಸವನ್ನು ವಿವರಿಸಿದರು. ಎಸ್-100 ಪ್ರೋಟೀನಿನ ಬಣ್ಣ ಹಿಡಿದರೆ ಅದು ಶ್ವಾನೋಮವೆಂಬ ನಂಬಿಕೆ ಗಟ್ಟಿಯಾಗುತ್ತದೆ.

ಎಲ್ಲ ಗೆಡ್ಡೆಯನ್ನೂ ಕತ್ತರಿಸಬೇಕಿಲ್ಲ. ತೊಂದರೆ ಕೊಡದ ಚಿಕ್ಕದನ್ನು ಆಗಾಗ ಸ್ಕ್ಯಾನ್ ಮಾಡುತ್ತ ಕಾಯಬಹುದು. ಶ್ವಾನೋಮ ನರದ ಒಂದು ಬದಿಗೆ ಅಂಟಿ ಬೆಳೆಯುವುದರಿಂದ ನರ ಉಳಿಸಿ ಅದನ್ನಷ್ಟೇ ಬಿಡಿಸಿ ತೆಗೆಯಲು ಹಲವೊಮ್ಮೆ ಸಾಧ್ಯ. ನ್ಯೂರೋಫೈಬ್ರೋಮ ನರದ ಎಳೆಗಳ ನಡುವೆಯೇ ಹೆಣೆದುಕೊಳ್ಳುತ್ತದೆ, ಬಿಡಿಸುವುದು ಕಷ್ಟ. ಶಸ್ತ್ರಚಿಕಿತ್ಸೆಯ ನಂತರ ಕಾಲಿನಲ್ಲಿ ಜೋಮು, ನಿತ್ರಾಣ ಉಳಿಯಬಹುದೆಂದು ಮೊದಲೇ ತಿಳಿಹೇಳುವುದು ವೈದ್ಯರ ಹೊಣೆ.

ಮೈಮೇಲೆ ಆರು ಅಥವಾ ಹೆಚ್ಚು ಕಾಫಿ ಬಣ್ಣದ ಮಚ್ಚೆ, ಮೆತ್ತನೆಯ ಗಂಟುಗಳಿದ್ದರೆ ನ್ಯೂರೋಫೈಬ್ರೋಮಟೋಸಿಸ್ ಒಂದನೆಯ ಬಗೆ ಇರಬಹುದು. ಸುಮಾರು 3,000 ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ; ಕಾರಣ 17ನೇ ವರ್ಣತಂತುವಿನ ಒಂದು ಜೀನ್‌ನ ದೋಷ. ಸುಮಾರು ಅರ್ಧದಷ್ಟು ಮಂದಿಯ ಮನೆತನದಲ್ಲಿ ಮೊದಲು ಯಾರಿಗೂ ಇರುವುದಿಲ್ಲ. ಅಂಟುವ ರೋಗವಲ್ಲ, ತಟ್ಟೆ ಲೋಟ ಬೇರೆ ಇಡುವುದು ಅನ್ಯಾಯ. ಇವರಲ್ಲಿ ಗಂಟು ಬೇಗ ಬೆಳೆದರೆ, ನೋವು ಹೆಚ್ಚಿದರೆ ತಡಮಾಡಬಾರದು, ಕ್ಯಾನ್ಸರಾಗಿ ತಿರುಗುವ ಸಂಭವ ಇವರಿಗೇ ಹೆಚ್ಚು.

ಬೆಂಗಳೂರಿನ ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರೋಗಿಗೆ ಮೊದಲ ಮೆಟ್ಟಿಲು ಅಲ್ಲಿನ ಸರ್ಕಾರಿ ಆಸ್ಪತ್ರೆ. ಮುಂದೆ ಬೆಂಗಳೂರು ನಗರದಲ್ಲಿ 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯಿದೆ. ಕ್ಯಾನ್ಸರ್ ಶಂಕೆಯಿದ್ದರೆ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಕಿದ್ವಾಯಿಗೆ ಬರೆದುಕೊಟ್ಟರೆಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ಮನೆಮಂದಿ ಗಾಬರಿಯಾಗುವುದುಂಟು. ಬಯಾಪ್ಸಿ ವರದಿ ಬರುವವರೆಗೆ ಆ ಹೆಸರನ್ನು ಯಾರೂ ಇಡಬೇಕಿಲ್ಲ.